ಗ್ರಿಂಡಲ್ ಕಾರ್ಖಾನೆಯ ಹಂದಿಹೊಟ್ಟೆ ಚಾಕು

ಹ್ಯಾಮಿಲ್ಟನ್, ಒಹಾಯೊ
೧೮ ಏಪ್ರಿಲ್ ೧೯೭೭

ಪ್ರೀತಿಯ ಡೆಲ್ಮರ್ ಭಾವನವರಿಗೆ,

ಈ ಪತ್ರವನ್ನು ಕೂತು ಓದಿ. ಕ್ಷೌರದಂಗಡಿಯಲ್ಲಿ ಕತ್ತರಿ ಹಿಡಿದುಕೊಂಡು ಓದಿದರೆ ಯಾರದಾದರೂ ಕಿವಿ ಹೋದೀತು.

ಗ್ರಿಂಡಲ್ ಚಾಕು ಸಿಕ್ಕಿದೆ! ಸುಟ್ಟುಹೋದ ಆ ಪೆನ್ಸಿಲ್ವೇನಿಯದ ಕಾರ್ಖಾನೆಯದೇ. ಮೂರು ಅಲಗು, ಕೆತ್ತಿದ ಹಸಿರು ಮೂಳೆಯ ಹಿಡಿ, ಕೆಳಗೆ ದುಂಡಗೆ ಇಳಿಬಿದ್ದ ಹಂದಿಹೊಟ್ಟೆ ಆಕಾರ. ನೀವು ನನಗೆ ಬಾಯಲ್ಲೇ ಚಿತ್ರ ಬರೆದು ತೋರಿಸಿದ್ದಿರಲ್ಲ, ಹಾಗೇ ಇದೆ.

ಶನಿವಾರ ನಮ್ಮ ಹಿಂದಿನ ಬೀದಿಯ ಯೂಬ್ಯಾಂಕ್ಸ್ ಅಮ್ಮ ಮನೆ ಮುಂದೆ ಹಳೇ ಸಾಮಾನು ಮಾರಾಟಕ್ಕಿಟ್ಟಿದ್ದರು. ಅವರ ಗಂಡ ವರ್ಜಿಲ್ ಈ ಚಳಿಗಾಲದಲ್ಲಿ ತೀರಿಕೊಂಡರು. ಗುಂಡಿ, ಸ್ಕ್ರೂ ತುಂಬಿದ್ದ ತಂಬಾಕಿನ ಡಬ್ಬಿಯ ತಳದಲ್ಲಿ ಫ್ಲಾನೆಲ್ ಬಟ್ಟೆ ಸುತ್ತಿಕೊಂಡು ಮಲಗಿತ್ತು. "ನಮ್ಮೆಜಮಾನ್ರು ಭಾನುವಾರ ಚರ್ಚಿಗೆ ಹೋಗುವಾಗ ಮಾತ್ರ ಜೇಬಿಗೆ ಹಾಕ್ಕೋತಿದ್ರಪ್ಪಾ. ಅದ್ರಲ್ಲಿ ಒಂದು ಸೇಬನ್ನೂ ಕುಯ್ದಿಲ್ಲ" ಎಂದರು. ಅವರು ಕೇಳಿದ್ದಕ್ಕಿಂತ ಹೆಚ್ಚೇ ಕೊಟ್ಟು ಬಂದೆ. ಅಲಗು ತೆರೆದರೆ ಟಕ್ ಎನ್ನುತ್ತದೆ. ಮುಚ್ಚಿದರೂ ಟಕ್ ಎನ್ನುತ್ತದೆ. ರಾತ್ರಿಯೆಲ್ಲ ಅದೇ ಮಾಡುತ್ತಾ ಕೂತಿದ್ದೆ. ನಿಮ್ಮ ತಂಗಿ ದಿಂಬು ಎತ್ತಿಕೊಂಡು ಪಕ್ಕದ ಕೋಣೆಗೆ ಹೋದಳು.

ಅದನ್ನು ಚಾಕು ಸಂಗ್ರಹಿಸುವವರ ನಮ್ಮ ಕ್ಲಬ್ಬಿಗೆ ಒಯ್ದಿದ್ದೆ. ಎಲ್ಲರೂ ಎದ್ದು ಬಂದು ಸುತ್ತ ನಿಂತರು. ಕ್ಲೀಟಸ್ ವಾರ್ಡ್ ಏನೆಂದ ಗೊತ್ತೇ? "ನಿಮ್ಮ ಭಾವ ಇಪ್ಪತ್ತು ವರ್ಷ ಹುಡುಕಿದ್ದು ನಿಂಗೆ ಗುಂಡಿ ಡಬ್ಬೀಲಿ ಸಿಕ್ತಲ್ಲೋ ರಾಸ್ಕೋ! ಇನ್ಮೇಲೆ ಅವ್ರೇ ನಿನ್ಹತ್ರ ಪಾಠಕ್ಕೆ ಬರ್ಬೇಕು." ನಗು ತಡೆಯಲಾಗಲಿಲ್ಲ. ನಿಮಗೂ ಬರುತ್ತದೆ ಎಂದುಕೊಂಡಿದ್ದೇನೆ.

ನಿಮ್ಮ,
ರಾಸ್ಕೋ


ಪೈಕ್‌ವಿಲ್, ಕೆಂಟಕಿ
೨೬ ಏಪ್ರಿಲ್ ೧೯೭೭

ರಾಸ್ಕೋ,

ನಿನ್ನ ಪತ್ರ ಬಂತು. ತಂಗಿ ಓಪಲ್‌ಳ ಕೆಮ್ಮು ಹೇಗಿದೆ ಎಂದು ನೀನು ಬರೆದೇ ಇಲ್ಲ. ಜೇನುತುಪ್ಪ ಕುಡಿಯಲು ಹೇಳು. ಇಲ್ಲಿ ಮರಗಳು ಚಿಗುರಿವೆ. ಅಂಗಡಿಗೆ ಹೊಸ ಕುರ್ಚಿ ತರಿಸಿದೆ. ಹಳೆಯದರ ಕಾಲು ಅಲ್ಲಾಡುತ್ತಿತ್ತು. ನದಿಯ ಮಣ್ಣು ಇನ್ನೂ ಬೀದಿಯಲ್ಲೇ ಇದೆ. ಪ್ರವಾಹದ ಸುದ್ದಿ ನಿಮ್ಮ ಕಡೆ ಪತ್ರಿಕೆಯಲ್ಲೂ ಬಂದಿರಬೇಕು. ಈ ಭಾವ ಬದುಕಿದ್ದಾನೆಯೇ ಎಂದು ನೀನು ಕೇಳಲಿಲ್ಲ. ಬದುಕಿದ್ದೇನೆ.

ಆ ಚಾಕುವಿನ ವಿಷಯ. ಕ್ಲಬ್ಬಿಗೆ ಒಯ್ಯುವ ಮುಂಚೆ ನನಗೊಂದು ಮಾತು ಹೇಳಬಹುದಿತ್ತು. ಕ್ಲೀಟಸ್ ವಾರ್ಡ್‌ಗೆ ಗ್ರಿಂಡಲ್ ಯಾವುದು, ಬೆಣ್ಣೆ ಹಚ್ಚುವ ಚಾಕು ಯಾವುದು ಎಂದು ಗೊತ್ತಿಲ್ಲ. ಆ ಕಾರ್ಖಾನೆ ನಡೆದದ್ದೇ ಮೂರು ನಾಲ್ಕು ವರ್ಷ. ಅಂಥದ್ದು ಗುಂಡಿ ಡಬ್ಬಿಯಲ್ಲಿ ಸಿಗುವುದೆಂದರೆ, ಇರಲಿ.

ನೋಡದೆ ಏನೂ ಹೇಳಲಾರೆ. ನೋಂದಾಯಿತ ಅಂಚೆಯಲ್ಲಿ ಕಳಿಸು. ಎಣ್ಣೆ ಹಚ್ಚಬೇಡ, ಒರೆಸಬೇಡ, ಇದ್ದಂತೆ ಕಳಿಸು. ಇನ್ನು ಯಾರಿಗೂ ತೋರಿಸಬೇಡ.

ಡೆಲ್ಮರ್


ಹ್ಯಾಮಿಲ್ಟನ್
೨ ಮೇ ೧೯೭೭

ಪ್ರೀತಿಯ ಭಾವನವರಿಗೆ,

ತಪ್ಪಾಯಿತು, ಪ್ರವಾಹದ ದಿನ ಓಪಲ್ ಫೋನಿನ ಪಕ್ಕವೇ ಕೂತಿದ್ದಳು. ಖುಷಿಯಲ್ಲಿ ಅದನ್ನೆಲ್ಲ ಬರೆಯಲು ಮರೆತೆ. ಕೆಮ್ಮು ಹೋಗಿದೆ.

ಚಾಕು ಕಳಿಸಿದ್ದೇನೆ. ಅಂಚೆ ಕಚೇರಿಯಲ್ಲಿ ಕೈಬಿಡುವಾಗ ಜೀವ ಒಂದಿಷ್ಟು ಕುಂದಿತು. ಆದರೆ ನೀವು ಹೇಳಿದ ಮೇಲೇ ಅದು ನಿಜಕ್ಕೂ ಗ್ರಿಂಡಲ್ ಆಗುವುದು. ನೀವು "ಹೌದು" ಎಂದರೆ ಸಾಕು, ಇನ್ನಾರ ಮಾತೂ ನನಗೆ ಬೇಕಿಲ್ಲ.

ನಿಮ್ಮ,
ರಾಸ್ಕೋ


ಪೈಕ್‌ವಿಲ್
೧೪ ಮೇ ೧೯೭೭

ಪ್ರೀತಿಯ ರಾಸ್ಕೋ,

ಹೇಳಲು ಬೇಸರವಾಗುತ್ತದೆ. ನಕಲಿ.

ಹಿಡಿಯ ಮೂಳೆ ಹಳೆಯದು, ಅದು ನಿಜ. ಬೇರೆ ಯಾವುದೋ ಮುರಿದ ಚಾಕುವಿನಿಂದ ಕಿತ್ತದ್ದು. ಮೊಳೆಗಳು ಹೊಸವು. ಸ್ಪ್ರಿಂಗು ತೀರ ಬಿಗಿಯಾಗಿದೆ, ಅಷ್ಟು ಹಳೆಯ ಸ್ಪ್ರಿಂಗು ಹಾಗಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯ, ಅಲಗಿನ ಬುಡದ ಮುದ್ರೆ. ಇದರಲ್ಲಿ ಅಕ್ಷರಗಳು ಕಮಾನಿನಂತೆ ಬಾಗಿವೆ. ಗ್ರಿಂಡಲ್‌ನ ಮುದ್ರೆ ನೇರ ಸಾಲು. ಇದು ಅಚ್ಚು ಒತ್ತಿದ್ದಲ್ಲ, ಆ್ಯಸಿಡ್‌ನಲ್ಲಿ ತೆಳುವಾಗಿ ಕೊರೆದದ್ದು. ಮಾಡಿದವನು ಚೆನ್ನಾಗಿಯೇ ಮಾಡಿದ್ದಾನೆ. ನನ್ನಂಥವನೂ ಒಂದು ಗಳಿಗೆ ಮೋಸ ಹೋಗುತ್ತಿದ್ದ.

ಚಾಕುವನ್ನು ವಾಪಸು ಕಳಿಸಿದ್ದೇನೆ. ನನ್ನ ಮನೆಯಲ್ಲಿ ಇಂಥದ್ದನ್ನು ಇಟ್ಟುಕೊಳ್ಳುವುದಿಲ್ಲ. ಕ್ಲಬ್ಬಿನವರಿಗೆ ನೀನೇ ಹೇಳಿಬಿಡು. ಬೇರೆಯವರು ಕಂಡುಹಿಡಿದು ಹೇಳಿದರೆ ಇನ್ನೂ ಅವಮಾನ. ಆ ಹೆಂಗಸಿನ ಗಂಡ ಎಂಥವನೋ ಏನೋ. ಭಾನುವಾರ ಚರ್ಚಿಗೆ ಹೋಗುತ್ತಿದ್ದ ಮಾತ್ರಕ್ಕೆ ಎಲ್ಲರೂ ಸಾಚಾ ಆಗುವುದಿಲ್ಲ.

ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಿನ್ನ ಭಾವ,
ಡೆಲ್ಮರ್


ಹ್ಯಾಮಿಲ್ಟನ್
೫ ಜೂನ್ ೧೯೭೭

ಭಾವನವರಿಗೆ,

ತಡವಾಗಿ ಬರೆಯುತ್ತಿದ್ದೇನೆ. ಕ್ಲಬ್ಬಿನಲ್ಲಿ ಎದ್ದು ನಿಂತು ಹೇಳಿದೆ. ಯಾರೂ ದೊಡ್ಡದಾಗಿ ನಗಲಿಲ್ಲ. ಕ್ಲೀಟಸ್ ಮಾತ್ರ "ಗುಂಡಿ ಡಬ್ಬೀಲಿ ಗುಂಡಿ ತಾನೇ ಇರೋದು" ಎಂದ. ಆಮೇಲೆ ನಾನು ಅಲ್ಲಿಗೆ ಹೋಗಿಲ್ಲ. ಶರತ್ಕಾಲದ ಪ್ರದರ್ಶನದಲ್ಲಿ ನನಗೆಂದು ಇಟ್ಟಿದ್ದ ಮೇಜನ್ನೂ ಬೇಡವೆಂದೆ.

ಇನ್ನೊಂದು ಕೆಲಸ ಮಾಡಿದೆ, ಅದನ್ನು ಓಪಲ್‌ಗೆ ಹೇಳಿಲ್ಲ. ಕಾಗದದ ಗಿರಣಿಯಿಂದ ಮನೆಗೆ ಬರುವಾಗ ಯೂಬ್ಯಾಂಕ್ಸ್ ಅಮ್ಮನ ಬಾಗಿಲು ತಟ್ಟಿದೆ. "ನಿಮ್ಮ ಗಂಡ ನಕಲಿ ಚಾಕು ಮಾಡಿ ಜನರಿಗೆ ಟೋಪಿ ಹಾಕ್ತಿದ್ರಾ?" ಎಂದು ಕೇಳಿದೆ. ಬೀದಿಗೆ ಕೇಳುವಷ್ಟು ಜೋರಾಗಿ. ಅವರು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತಿದ್ದರು. "ವರ್ಜಿಲ್ಲಾ?" ಅಂದರು. ಅಷ್ಟೇ. ಆಮೇಲೆ ಒಳಗೆ ಹೋಗಿ ನಾನು ಕೊಟ್ಟ ದುಡ್ಡನ್ನು ತಂದು ಮೆಟ್ಟಿಲ ಮೇಲಿಟ್ಟು ಬಾಗಿಲು ಹಾಕಿಕೊಂಡರು. ನಾನು ಅದನ್ನು ತೆಗೆದುಕೊಂಡು ಬಂದೆ.

ನೀವು ಇಲ್ಲದಿದ್ದರೆ ನಾನು ಊರೂರಲ್ಲಿ ಆ ಚಾಕು ಮೆರೆಸಿ ಇನ್ನಷ್ಟು ನಗೆಪಾಟಲಾಗುತ್ತಿದ್ದೆ. ಅದಕ್ಕೆ ನಿಮಗೆ ಋಣಿ.

ರಾಸ್ಕೋ


ಪೈಕ್‌ವಿಲ್
೧೨ ಜೂನ್ ೧೯೭೭

ಪ್ರೀತಿಯ ರಾಸ್ಕೋ,

ಎದ್ದು ನಿಂತು ಹೇಳಿದೆಯಲ್ಲ, ಅದು ಗಂಡಸುತನ. ಕಲಿಯುವಾಗ ಎಲ್ಲರೂ ಎಡವುತ್ತಾರೆ. ನಾನು ಮೊದಮೊದಲು ಎಂಥೆಂಥ ಕಸ ಕೊಂಡಿದ್ದೇನೆ ಗೊತ್ತೇ? ಮುಂದಿನ ಬಾರಿ ಏನೇ ಸಿಕ್ಕಿದರೂ ಮೊದಲು ನನಗೆ ಬರೆ. ಆಗ ಈ ತಾಪತ್ರಯವೇ ಇರುವುದಿಲ್ಲ.

ಸಮಾಧಾನಕ್ಕೆಂದು ನನ್ನದೊಂದು ಎರಡಲಗಿನ ಚಾಕು ಕಳಿಸಿದ್ದೇನೆ. ದೊಡ್ಡದೇನಲ್ಲ, ಆದರೆ ಅಸಲಿ. ಇಲ್ಲಿ ಎಲ್ಲ ಚೆನ್ನಾಗಿದೆ. ಈಚೆಗೆ ನಿದ್ದೆ ಚೆನ್ನಾಗಿ ಬರುತ್ತಿದೆ. ಮಕ್ಕಳ ಬೇಸಿಗೆ ರಜೆ ಶುರುವಾಗಿದೆ, ಅಂಗಡಿ ತುಂಬ ತಲೆಗಳು.

ಆ ಹೆಂಗಸಿನ ವಿಷಯ ಬಿಡು. ದುಡ್ಡು ವಾಪಸು ಕೊಟ್ಟಳು ಎಂದರೆ ಏನರ್ಥ, ನೀನೇ ಯೋಚಿಸು.

ನಿನ್ನ ಭಾವ,
ಡೆಲ್ಮರ್


ಹ್ಯಾಮಿಲ್ಟನ್
೯ ಜುಲೈ ೧೯೭೭

ಪ್ರೀತಿಯ ಭಾವನವರಿಗೆ,

ನೀವು ಕಳಿಸಿದ ಚಾಕುವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಅಸಲಿಯನ್ನು ಮುಟ್ಟಲು ಭಯ. ನಕಲಿಗೆ ಆ ಕಷ್ಟವಿಲ್ಲ ನೋಡಿ! ಈಗ ಅದು ನನ್ನ ಜೇಬಿನಲ್ಲೇ ಇರುತ್ತದೆ.

ನಾಲ್ಕನೇ ತಾರೀಕು, ಸ್ವಾತಂತ್ರ್ಯ ದಿನದ ರಜೆಗೆ ನಮ್ಮೂರ ಮಯಾಮಿ ನದಿಯಲ್ಲಿ ನನ್ನ ತೋಳುದ್ದದ ಕ್ಯಾಟ್‌ಫಿಶ್ ಹಿಡಿದೆ. ಅದರ ಹೊಟ್ಟೆ ಸೀಳಿ, ಚರ್ಮ ಸುಲಿದದ್ದೆಲ್ಲ ಇದರಲ್ಲೇ. ಎಂಥ ಉಕ್ಕು ಅಂತೀರಿ! ಇನ್ನೂ ಹರಿತವಾಗಲಿ ಎಂದು ಗಿರಣಿಯ ತಿರುಗುಕಲ್ಲಿಗೆ ಹಿಡಿದೆ. ಕಿಡಿ ಹಾರಿತು, ಹಳೇ ಹೊಳಪು ಹೋಯಿತು, ಹೋಗಲಿ. ಓಪಲ್ ಅದರಲ್ಲೇ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾಳೆ. ಮೊನ್ನೆ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಹೋಗಿ ಚಿಕ್ಕ ಅಲಗಿನ ಮೊನೆ ಒಂಚೂರು ಮುರಿಯಿತು.

ನಿಮ್ಮ,
ರಾಸ್ಕೋ


ಪೈಕ್‌ವಿಲ್
೧೩ ಜುಲೈ ೧೯೭೭

ರಾಸ್ಕೋ,

ಪತ್ರ ಮುಟ್ಟಿದ ಕೂಡಲೇ ಬರೆಯುತ್ತಿದ್ದೇನೆ. ತಿರುಗುಕಲ್ಲಿಗೆ ಹಿಡಿಯಬೇಡ. ಯಾವ ಚಾಕುವನ್ನೂ ಹಿಡಿಯಬಾರದು, ಉಕ್ಕು ಕಾದು ಹದ ಕೆಡುತ್ತದೆ. ಇಷ್ಟು ವರ್ಷ ಹೇಳಿಕೊಟ್ಟದ್ದು ಎಲ್ಲಿ ಹೋಯಿತು? ಬಣ್ಣದ ಡಬ್ಬಿ ತೆಗೆಯಲು ಮನೆಯಲ್ಲಿ ಬೇರೆ ಏನೂ ಇರಲಿಲ್ಲವೇ? ಮುರಿದ ಮೊನೆ ಸಿಕ್ಕಿತೇ?

ಅದನ್ನು ಒರೆಸಿ, ಎಣ್ಣೆ ಹಾಕಿ ನನಗೆ ಕಳಿಸು. ನಕಲಿ ಹೇಗಿರುತ್ತದೆ ಎಂದು ಇಲ್ಲಿನ ಹುಡುಗರಿಗೆ ತೋರಿಸಲು ಒಂದು ಬೇಕಿತ್ತು. ಬದಲಿಗೆ ನನ್ನ ಪೆಟ್ಟಿಗೆಯಿಂದ ನೀನು ಕೇಳಿದ್ದನ್ನು ಕೊಡುತ್ತೇನೆ. ಆ ಮುತ್ತಿನ ಚಿಪ್ಪಿನ ಹಿಡಿಯದು ನಿನಗೆ ಇಷ್ಟವಲ್ಲವೇ? ಅದನ್ನೇ ತೆಗೆದುಕೋ. ಓಪಲ್‌ಗೆ ಸಿಪ್ಪೆ ತೆಗೆಯುವ ಚಾಕು ನಾನೇ ಕೊಂಡು ಕಳಿಸುತ್ತೇನೆ.

ತಡ ಮಾಡಬೇಡ.

ಡೆಲ್ಮರ್


ಹ್ಯಾಮಿಲ್ಟನ್
೩೦ ಜುಲೈ ೧೯೭೭

ಪ್ರೀತಿಯ ಭಾವನವರಿಗೆ,

ನಿಮ್ಮ ಪತ್ರ ಓದಿ ಓಪಲ್ ನಕ್ಕಳು. "ನಮ್ಮಣ್ಣಂಗೆ ಏನಾಗಿದೆ? ಮುತ್ತಿನ ಚಿಪ್ಪಿಂದನ್ನ ನಂಗೇ ಮುಟ್ಟೋಕೆ ಬಿಡ್ತಿರ್ಲಿಲ್ಲ" ಎಂದಳು.

ಕೊಡಲು ಮನಸ್ಸಿಲ್ಲ ಭಾವ, ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ವರ್ಷ ಚಾಕುಗಳನ್ನು ಬಟ್ಟೆಯಲ್ಲಿ ಸುತ್ತಿ ಮಲಗಿಸಿ ನೋಡಿಕೊಂಡೆ. ಒಂದು ಚಾಕುವಿನ ಜೊತೆ ಬದುಕುತ್ತಿರುವುದು ಇದೇ ಮೊದಲು. ಗಿರಣಿಯಲ್ಲಿ ಊಟದ ಹೊತ್ತಿಗೆ ಇದರಲ್ಲೇ ಸೇಬು ಕುಯ್ಯುತ್ತೇನೆ. ಹುಡುಗರಿಗೆ ತೋರಿಸಲು ಇನ್ನೊಂದು ನಕಲಿ ನಿಮಗೆ ಎಲ್ಲಿಯಾದರೂ ಸಿಕ್ಕೀತು.

ಒಂದು ಮಾತ್ರ ಅರ್ಥವಾಗುತ್ತಿಲ್ಲ. ಆ್ಯಸಿಡ್‌ನಲ್ಲಿ ಕೊರೆದ ಮುದ್ರೆ ಇಷ್ಟು ಆಳ ಇರುತ್ತದೆಯೇ? ಎಷ್ಟು ಉಜ್ಜಿದರೂ ಅಂಚು ಮಾಸಿಲ್ಲ. ಉಗುರು ಆಡಿಸಿದರೆ ಸಿಕ್ಕಿಕೊಳ್ಳುತ್ತದೆ.

ನಿಮ್ಮ,
ರಾಸ್ಕೋ


ಹ್ಯಾಮಿಲ್ಟನ್
೨೭ ಆಗಸ್ಟ್ ೧೯೭೭

ಭಾವನವರಿಗೆ,

ಹೋದ ಪತ್ರಕ್ಕೆ ಉತ್ತರ ಬರಲಿಲ್ಲ. ಆರೋಗ್ಯವಾಗಿದ್ದೀರಿ ಎಂದು ಓಪಲ್ ಫೋನಿನಲ್ಲಿ ಕೇಳಿ ಹೇಳಿದಳು.

ಕಳೆದ ಭಾನುವಾರ ಸಿನ್ಸಿನಾಟಿಯಲ್ಲಿ ಚಾಕು ಪ್ರದರ್ಶನವಿತ್ತು. ಕೊಳ್ಳಲು ಹೋಗಲಿಲ್ಲ, ಸುಮ್ಮನೆ ಹೋದೆ. ಹೋಬರ್ಟ್ ಪ್ರೂಯಿಟ್ ಎಂಬ ಮುದುಕರ ಮೇಜಿನ ಮುಂದೆ ನಿಂತು, ಊಟದ ಪೊಟ್ಟಣದ ದಾರ ಕತ್ತರಿಸಲು ಜೇಬಿನಿಂದ ಇದನ್ನು ತೆಗೆದೆ. ಆತ ನನ್ನ ಮಣಿಕಟ್ಟನ್ನೇ ಹಿಡಿದುಕೊಂಡರು.

"ಇದಕ್ಕೆ ಏನ್ ಮಾಡಿದ್ಯೋ ಪಾಪಿ?"

"ನಕಲಿ ರೀ ಅದು" ಎಂದೆ. "ಗ್ರಿಂಡಲ್ ಮುದ್ರೆ ನೇರ ಇರತ್ತೆ."

"ಯಾವನ್ ಹೇಳಿದ್ದು? ನೇರ ಇರೋ ಗ್ರಿಂಡಲ್ಲನ್ನ ನಾನು ಹುಟ್ಟಿದಾಗಿಂದ ನೋಡಿಲ್ಲ." ಬೀಗ ಹಾಕಿದ ಪೆಟ್ಟಿಗೆಯಿಂದ ತಮ್ಮದೊಂದನ್ನು ತೆಗೆದು ಪಕ್ಕದಲ್ಲಿಟ್ಟರು. ಒಂದೇ ತಾಯಿಯ ಮಕ್ಕಳಂತಿದ್ದವು. ಅದೇ ಕಮಾನು, ಅದೇ ಮೊಳೆ. ನಾನು ಸೋಲಲಿಲ್ಲ. "ಹೇಳಿದ್ದು ನಮ್ಮ ಭಾವ, ಅವರ ಕೈಲಿ ತಪ್ಪಾಗಲ್ಲ" ಎಂದು ಜಗಳಕ್ಕೇ ನಿಂತೆ. ಜನ ಸೇರಿದರು. ಆತ ಕೊನೆಗೆ ಕನಿಕರದಿಂದ ನನ್ನನ್ನು ನೋಡಿದರು. ಆ ನೋಟ ಮನೆವರೆಗೂ ಬಂತು.

ಭಾವ, ಎಂಥವರಿಗೂ ಒಮ್ಮೆ ತಪ್ಪಾಗುತ್ತದೆ. ನಿಮಗೆ ತಪ್ಪಾಯಿತೇ? ಹೌದು ಎಂದು ಬರೆಯಿರಿ. ನಂಬುತ್ತೇನೆ, ಇನ್ನೊಂದು ಮಾತು ಕೇಳುವುದಿಲ್ಲ.

ರಾಸ್ಕೋ


ಪೈಕ್‌ವಿಲ್
೧೯ ಸೆಪ್ಟೆಂಬರ್ ೧೯೭೭

ಪ್ರೀತಿಯ ರಾಸ್ಕೋ,

ತಪ್ಪಾಗಿರಬೇಕು. ಯಾರಿಗೂ ಹೇಳಿರಲಿಲ್ಲ, ಒಂದು ವರ್ಷದಿಂದ ನನ್ನ ಕಣ್ಣು ಮಂಜಾಗುತ್ತಿದೆ. ಸಣ್ಣ ಅಕ್ಷರಗಳು ಕಲಸಿಕೊಳ್ಳುತ್ತವೆ. ಬಾಗಿದ್ದು ನೇರ, ನೇರದ್ದು ಬಾಗಿದಂತೆ. ಕ್ಷೌರಿಕನ ಕಣ್ಣು ಹೋಯಿತೆಂದು ಊರಿಗೆ ಗೊತ್ತಾದರೆ ಯಾರು ಗಡ್ಡ ಕೊಡುತ್ತಾರೆ? ಅದಕ್ಕೇ ಮುಚ್ಚಿಟ್ಟೆ. ನಿನ್ನ ಚಾಕು ಅಸಲಿಯಾದರೆ ನನಗಿಂತ ಸಂತೋಷಪಡುವವರು ಯಾರು?

ಓಪಲ್‌ಗೆ ಹೇಳಬೇಡ, ಗಾಬರಿಯಾಗುತ್ತಾಳೆ.

ಡೆಲ್ಮರ್


ಹ್ಯಾಮಿಲ್ಟನ್
೨೪ ಸೆಪ್ಟೆಂಬರ್ ೧೯೭೭

ಪ್ರೀತಿಯ ಭಾವನವರಿಗೆ,

ನನ್ನ ಎದೆಯ ಮೇಲಿನ ಬಂಡೆ ಇಳಿಯಿತು. ಚಾಕು ಹಾಳಾದರೆ ಹಾಳಾಗಲಿ, ಅದು ಬರಿಯ ಚಾಕು. ನೀವು ಒಬ್ಬರೇ ಅಲ್ಲಿ ಕಣ್ಣು ಮಂಜು ಮಾಡಿಕೊಂಡು ಕತ್ತರಿ ಹಿಡಿದು ನಿಂತಿರುವಾಗ ನಾನು ಇಲ್ಲಿ ಏನೇನೋ ಯೋಚಿಸಿದೆನಲ್ಲ ಎಂದು ನಾಚಿಕೆಯಾಯಿತು.

ಕ್ಷಮಿಸಿ, ಓಪಲ್‌ಗೆ ಹೇಳಿಬಿಟ್ಟೆ. ಮುಚ್ಚಿಡಲಾಗಲಿಲ್ಲ. ಅವಳು ಅತ್ತಳು, ಆಮೇಲೆ ಕಣ್ಣೀರು ಒರೆಸಿಕೊಂಡು ಇಲ್ಲಿನ ದೊಡ್ಡ ಕಣ್ಣಿನ ಡಾಕ್ಟರಿಗೆ ಫೋನು ಮಾಡಿದಳು. ಅಕ್ಟೋಬರ್ ಹದಿಮೂರಕ್ಕೆ ಸಮಯ ಸಿಕ್ಕಿದೆ. ಬಸ್ಸಿನಲ್ಲಿ ಬನ್ನಿ, ನಿಲ್ದಾಣದಲ್ಲಿ ನಾನಿರುತ್ತೇನೆ. ಬರದಿದ್ದರೆ ನಿಮ್ಮ ತಂಗಿಯೇ ಬಂದು ಎಳೆದುಕೊಂಡು ಬರುತ್ತಾಳಂತೆ.

ನಿಮ್ಮ,
ರಾಸ್ಕೋ


ಹ್ಯಾಮಿಲ್ಟನ್
೧೭ ಅಕ್ಟೋಬರ್ ೧೯೭೭

ಶ್ರೀ ಡೆಲ್ಮರ್ ಟ್ಯಾಕೆಟ್ ಅವರಿಗೆ,

ನೀವು ಬಸ್ಸು ಹತ್ತಿ ಹೋದ ಮೇಲೆ ಓಪಲ್ ಕೆಂಟಕಿಯಲ್ಲಿರುವ ಎಲ್ಲ ನೆಂಟರಿಗೂ ಫೋನು ಮಾಡಿದಳು. "ನಮ್ಮಣ್ಣಂದು ಹದ್ದಿನ ಕಣ್ಣಂತೆ! ಕೊನೇ ಸಾಲಿನ ಇರುವೆಯಂಥ ಅಕ್ಷರಾನೂ ಕನ್ನಡಕ ಇಲ್ದೆ ಓದಿದ್ನಂತೆ. ಈ ವಯಸ್ಸಲ್ಲಿ ಇಂಥ ಕಣ್ಣು ನೋಡೇ ಇಲ್ಲ ಅಂದ್ರು ಡಾಕ್ಟ್ರು!" ಇದನ್ನೇ ಅವಳು ಆ ದಿನ ಊಟದ ಮೇಜಿನಲ್ಲೂ ಹೇಳಿದಳು. ನೀವು ತಟ್ಟೆಯ ಬೀನ್ಸನ್ನೇ ನೋಡುತ್ತಿದ್ದಿರಿ. ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಲೇ ಇದ್ದೆ. ಅವಳ ಮುಖದಲ್ಲಿ ಅಷ್ಟು ಸಂತೋಷವಿತ್ತು, ಬಾಯಿ ಬಿಡಲಾಗಲಿಲ್ಲ.

ಡಾಕ್ಟರ ಬಳಿಯಾದರೂ ಕಾಣುವುದಿಲ್ಲ ಎನ್ನಬಹುದಿತ್ತು. ಅಲ್ಲಿಯೂ ನಿಮಗೆ ಸೋಲಲು ಮನಸ್ಸಾಗಲಿಲ್ಲ.

ಚಾಕುವಿನ ವಿಷಯ ಅಷ್ಟಿರಲಿ. ಕ್ಲಬ್ಬಿನಲ್ಲಿ ತಲೆ ತಗ್ಗಿಸಿದ್ದೂ ಅಷ್ಟಿರಲಿ. ಆದರೆ ಗಂಡ ಸತ್ತು ವರ್ಷ ತುಂಬದ ಹೆಂಗಸಿನ ಬಾಗಿಲಲ್ಲಿ ನಿಂತು ಅವರ ಗಂಡ ಮೋಸಗಾರ ಎಂದೆ. ಆ ಮಾತನ್ನು ನನ್ನ ಬಾಯಿಗೆ ಹಾಕಿದವರು ನೀವು. ನಿನ್ನೆ ಚಾಕುವನ್ನೂ ದುಡ್ಡನ್ನೂ ಹಿಡಿದು ಅವರ ಮನೆಗೆ ಹೋದೆ. ಅವರು ದುಡ್ಡು ತೆಗೆದುಕೊಂಡರು. ಚಾಕುವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ವರ್ಜಿಲ್ ಇದನ್ನ ಹೀಗೆ ನೋಡಿದ್ರೆ ಅತ್ತುಬಿಡೋರು. ನೀನೇ ಇಟ್ಕೋ" ಎಂದರು. ಒಳಗೆ ಕರೆಯಲಿಲ್ಲ.

ಓಪಲ್‌ಗೆ ನಾನು ಹೇಳುವುದಿಲ್ಲ. ನೀವು ನನಗೆ ಬರೆಯಬೇಕಿಲ್ಲ.

ರಾಸ್ಕೋ ಹೆನ್ಸ್‌ಲಿ


ಪೈಕ್‌ವಿಲ್
೧೨ ನವೆಂಬರ್ ೧೯೭೭

ರಾಸ್ಕೋ,

ಬರೆಯಬೇಕಿಲ್ಲ ಎಂದು ನೀನು ಹೇಳಿದ್ದೆ. ಇದೊಂದನ್ನು ಓದು.

ಇಪ್ಪತ್ತು ವರ್ಷ ನನ್ನ ಅಂಗಡಿಯಲ್ಲಿ ಕೂತವರಿಗೆಲ್ಲ ಗ್ರಿಂಡಲ್ ಬಗ್ಗೆ ಹೇಳಿದೆ. ಮೂಳೆ ಹೀಗೆ, ಅಲಗು ಹೀಗೆ ಎಂದು ಕೈಯಾಡಿಸಿ ತೋರಿಸಿದೆ. ಒಂದನ್ನೂ ನಾನು ಕಣ್ಣಲ್ಲಿ ಕಂಡಿರಲಿಲ್ಲ. ಎಲ್ಲ ಒಂದು ಹಳೆಯ ಕ್ಯಾಟಲಾಗಿನ ಹಾಳೆಯಿಂದ ಕಲಿತದ್ದು. ಮೊದಲ ಬಾರಿಗೆ ನೋಡಿದ್ದು ನಿನ್ನ ಪೊಟ್ಟಣ ಬಿಚ್ಚಿದಾಗ. ಬಿಚ್ಚಿದ ಕೂಡಲೇ ಗೊತ್ತಾಯಿತು, ಭೂತಗನ್ನಡಿಯೂ ಬೇಕಾಗಲಿಲ್ಲ. ಅಂಗಡಿ ಮುಚ್ಚಿ, ಪರದೆ ಎಳೆದು, ಮಧ್ಯಾಹ್ನವೆಲ್ಲ ಅದನ್ನು ಹಿಡಿದು ಕೂತೆ. ಇಷ್ಟು ಚೆಂದದ್ದು ನಿನ್ನ ಜೇಬಿಗೆ ಹೋಗಿ, ನಾನು ಅದರ ಕತೆ ಹೇಳುವವನಾಗಿ ಉಳಿಯಬೇಕೇ ಎನ್ನಿಸಿತು. ಕದಿಯಲು ಧೈರ್ಯವಿರಲಿಲ್ಲ. ನಿನ್ನ ಕೈಯಲ್ಲಿ ಅದು ಗ್ರಿಂಡಲ್ ಆಗಿ ಇರದಿದ್ದರೆ ಸಾಕು ಎನ್ನಿಸಿತು. ಅದಕ್ಕೇ ನಕಲಿ ಎಂದು ಬರೆದೆ. ಬರೆದ ದಿನ ಹಸಿವು ಚೆನ್ನಾಗಿ ಆಯಿತು. ಅದನ್ನೂ ಹೇಳಿಬಿಡುತ್ತೇನೆ.

ಕಳೆದ ಶನಿವಾರ ಹ್ಯಾಮಿಲ್ಟನ್‌ಗೆ ಬಂದಿದ್ದೆ, ನಿಮ್ಮ ಮನೆಗೆ ಬರಲಿಲ್ಲ. ಯೂಬ್ಯಾಂಕ್ಸ್ ಅಮ್ಮನ ಬಾಗಿಲು ತಟ್ಟಿ, ಸುಳ್ಳು ಹೇಳಿದವನು ನಾನು, ನಿಮ್ಮ ಗಂಡನಿಗೂ ಆ ಮಾತಿಗೂ ಸಂಬಂಧವಿಲ್ಲ ಎಂದೆ. ಆಕೆ ಕೇಳಿದ್ದು ಒಂದೇ: "ಅಷ್ಟು ಚೆನ್ನಾಗಿತ್ತಾ ಅದು?" ಹೌದು ಎಂದೆ. "ಹಾಗಾದ್ರೆ ನಮ್ಮೆಜಮಾನ್ರಿಗೆ ಅದ್ರ ಬೆಲೆ ಗೊತ್ತಿತ್ತು" ಎಂದರು. ಕಾಫಿ ಕೊಟ್ಟರು. ಕುಡಿದು ಬಂದೆ. ನಿಮ್ಮ ಕ್ಲಬ್ಬಿಗೂ ಬರೆದಿದ್ದೇನೆ, ಇದ್ದದ್ದು ಇದ್ದಂತೆ. ಓಪಲ್‌ಗೂ ನಾನೇ ಫೋನಿನಲ್ಲಿ ಹೇಳಿದೆ. ಅವಳು ಫೋನು ಇಟ್ಟುಬಿಟ್ಟಳು.

ಹೊಟ್ಟೆಯುರಿ ಹೋಯಿತು ಎಂದು ಬರೆದರೆ ಈ ಪತ್ರಕ್ಕೆ ಒಳ್ಳೆಯ ಕೊನೆಯಾಗುತ್ತಿತ್ತು. ಹೋಗಿಲ್ಲ. ಮೊನೆ ಮುರಿದು, ಹೊಳಪು ಹೋಗಿ, ಮೀನಿನ ವಾಸನೆ ಹೊಡೆಯುವ ಆ ಚಾಕು ಈಗಲೂ ನನಗೆ ಬೇಕು. ನಿನ್ನದು ಎಂದು ಗೊತ್ತು. ಬೇಕು ಎನ್ನುವುದೂ ಗೊತ್ತು.

ಡೆಲ್ಮರ್


ಹ್ಯಾಮಿಲ್ಟನ್
೧೮ ನವೆಂಬರ್ ೧೯೭೭

ಭಾವನವರಿಗೆ,

ಕ್ಲಬ್ಬಿನವರು ನನ್ನನ್ನು ಕರೆಸಿ, ನೀವು ಅವರಿಗೆ ಬರೆದ ಪತ್ರವನ್ನು ಗಟ್ಟಿಯಾಗಿ ಓದಿದರು. ಓದಿದವನು ಕ್ಲೀಟಸ್. ಮುಗಿದ ಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಚಾಕುಗಳನ್ನು ನೋಡುತ್ತಾ ಕೂತರು. ಅವರಲ್ಲಿ ಎಷ್ಟು ಜನ ನನ್ನ ಗ್ರಿಂಡಲ್ ನಕಲಿ ಎಂದಾಗ ಒಳಗೊಳಗೇ ಹಿಗ್ಗಿದ್ದರೋ, ಅವರವರಿಗೇ ಗೊತ್ತು.

ನಾನು ಕ್ಷಮಿಸಿದ್ದೇನೆಯೋ ಇಲ್ಲವೋ ನನಗೆ ತಿಳಿಯದು. ಓಪಲ್ ಎರಡು ದಿನ ಪಾತ್ರೆಗಳನ್ನು ಕುಕ್ಕಿದಳು. ಮೂರನೇ ದಿನ ಸಿಹಿಗೆಣಸಿನ ಕಡುಬಿಗೆ ಬೇಕಾದ್ದೆಲ್ಲ ತಂದಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಅದನ್ನು ತಿನ್ನುವವರು ನಮ್ಮಲ್ಲಿ ನೀವೊಬ್ಬರೇ. ಅದರ ಅರ್ಥ ನಾನು ಬಿಡಿಸಿ ಬರೆಯಬೇಕಿಲ್ಲ.

ಗುರುವಾರ ಹಬ್ಬಕ್ಕೆ ಬನ್ನಿ. ಚಾಕು ನನ್ನ ಜೇಬಿನಲ್ಲಿರುತ್ತದೆ. ಊಟ ಆದ ಮೇಲೆ ಅದರಲ್ಲೇ ಸೇಬು ಕುಯ್ಯುತ್ತೇನೆ, ಒಂದು ಹೋಳು ನಿಮಗೂ ಕೊಡುತ್ತೇನೆ. ಚಾಕುವನ್ನು ಮಾತ್ರ ನಿಮ್ಮ ಕೈಗೆ ಕೊಡುವುದಿಲ್ಲ. ಕೇಳದೆ ಇರಲು ನಿಮ್ಮಿಂದ ಆಗುತ್ತದೆಯೇ, ನೋಡೋಣ.

ರಾಸ್ಕೋ